ಚುಕ್ಕೆಯ ನಂತರದ ಪದ: ವ್ಯಾಪಾರದ ಜಾಲತಾಣಕ್ಕೆ ಡೊಮೇನ್ ವಿಸ್ತರಣೆ ಆರಿಸುವ ಕ್ರಮ

ಸಕಲೇಶಪುರದ ಹತ್ತಿರ ತೋಟವಿರುವ ನನ್ನ ದೊಡ್ಡಪ್ಪನ ಮಗ, ಪಾರ್ಚ್‌ಮೆಂಟನ್ನೆಲ್ಲ (ಹೊರಸಿಪ್ಪೆ ತೆಗೆದು ಒಣಗಿಸಿದ ಕಾಫಿ ಬೀಜ) ಮೂಟೆ ಕಟ್ಟಿ ವ್ಯಾಪಾರಿಗೆ ಕೊಡುವ ಬದಲು ಒಂದು ಪಾಲನ್ನು ತಾನೇ ಹುರಿಸಿ, ಪುಡಿ ಮಾಡಿಸಿ, ಬೆಂಗಳೂರು ಮೈಸೂರಿನ ಮನೆಗಳಿಗೆ ನೇರವಾಗಿ ಕಳುಹಿಸಲು ಶುರು ಮಾಡಿದ. ಮೊದಲ ವರ್ಷದ ವ್ಯವಹಾರವೆಲ್ಲ ವಾಟ್ಸ್‌ಆ್ಯಪಿನಲ್ಲೇ ನಡೆಯಿತು. ಎರಡನೆಯ ವರ್ಷ ಜಾಲತಾಣ ಬೇಕೆನಿಸಿತು. ಒಂದು ರಾತ್ರಿ ಫೋನ್ ಮಾಡಿ, “ಡಾಟ್ ಕಾಮ್ ಬದಲು ಡಾಟ್ ಕಾಫಿ ಎಂದೇ ಸಿಗುತ್ತದಂತೆ, ತೆಗೆದುಕೊಂಡುಬಿಡಲೇ?” ಎಂದು ಕೇಳಿದ.

ಸಣ್ಣ ವ್ಯಾಪಾರಿಗಳಿಗೆ ಜಾಲತಾಣ ಮಾಡಿಕೊಡುವುದೇ ನನ್ನ ಕೆಲಸ. ಆದರೂ ಆ ರಾತ್ರಿ ನಾನು ತಕ್ಷಣ ಉತ್ತರ ಕೊಡಲಿಲ್ಲ. ಅಣ್ಣ, ಅತ್ತಿಗೆ, ನಾನು ಮೂವರೂ ನಾಲ್ಕು ಸಂಜೆ ಕುಳಿತು ಲೆಕ್ಕ ಹಾಕಿ ತೀರ್ಮಾನಿಸಿದೆವು. ಆ ನಾಲ್ಕು ಸಂಜೆಯ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ. ತೋಟದ ನಿಜವಾದ ಹೆಸರು ಇಲ್ಲಿ ಬೇಡ, ‘ಹಾಲುಗುಡ್ಡ’ ಎಂದಿಟ್ಟುಕೊಳ್ಳೋಣ.

ಜಾಲತಾಣದ ವಿಳಾಸದಲ್ಲಿ, ಅಂದರೆ ಡೊಮೇನ್ ಹೆಸರಿನಲ್ಲಿ, ಕೊನೆಯ ಚುಕ್ಕೆಯ ನಂತರ ಬರುವ ಪದವೇ ವಿಸ್ತರಣೆ. ಬಹುಕಾಲ ಡಾಟ್ ಕಾಮ್, ಡಾಟ್ ನೆಟ್, ಡಾಟ್ ಆರ್ಗ್ ಮತ್ತು ದೇಶಗಳ ಎರಡಕ್ಷರದ ಸಂಕೇತಗಳೇ ಹೆಚ್ಚಾಗಿ ಕಾಣಸಿಗುತ್ತಿದ್ದವು. ಅಂತರಜಾಲದ ಹೆಸರುಗಳ ವ್ಯವಸ್ಥೆಯನ್ನು ನೋಡಿಕೊಳ್ಳುವ ಐಕ್ಯಾನ್ ಸಂಸ್ಥೆ 2012ರಲ್ಲಿ ಹೊಸ ವಿಸ್ತರಣೆಗಳಿಗೆ ಅರ್ಜಿ ಕರೆಯಿತು. 1,930 ಅರ್ಜಿಗಳು ಬಂದವು. 2013ರ ಕೊನೆಯಿಂದ ಅವು ಒಂದೊಂದಾಗಿ ಬಳಕೆಗೆ ಬಂದವು. ಇಂದು ಕಾಫಿ, ಶಾಪ್, ಫೋಟೋಗ್ರಫಿ, ಡೆಂಟಲ್, ಕೇಟರಿಂಗ್, ಫಾರ್ಮ್, ಯೋಗ, ಅಕಾಡೆಮಿ ಎಂದು ಕಸುಬನ್ನೇ ಹೇಳುವ ನೂರಾರು ವಿಸ್ತರಣೆಗಳಿವೆ. ಆಯ್ಕೆ ಇಷ್ಟು ಹೆಚ್ಚಿದ್ದರಿಂದಲೇ ಗೊಂದಲವೂ ಹೆಚ್ಚಾಗಿದೆ.

ಮೊದಲು ಒಂದು ಹಾಳೆ

ಡೊಮೇನ್ ಮಾರುವ ತಾಣವನ್ನು ಇನ್ನೂ ತೆರೆಯಬೇಡಿ. ಹಾಳೆಯ ನಡುವೆ ಗೆರೆ ಎಳೆದು, ಎಡಗಡೆ ಗ್ರಾಹಕರು ನಿಮ್ಮನ್ನು ಈಗ ಏನೆಂದು ಕರೆಯುತ್ತಾರೆ ಎಂಬುದನ್ನು ಬರೆಯಿರಿ. ಅವರ ಫೋನಿನಲ್ಲಿ ನಿಮ್ಮ ನಂಬರ್ ಯಾವ ಹೆಸರಿನಲ್ಲಿದೆ ಎಂದು ನಾಲ್ಕು ಜನರನ್ನು ಕೇಳಿದರೆ ಸಾಕು. ಅಣ್ಣನ ನಂಬರ್ ಹೆಚ್ಚಿನವರ ಬಳಿ ‘ಹಾಲುಗುಡ್ಡ ಕಾಫಿ’ ಎಂದೇ ಇತ್ತು. ಹೆಸರೂ ಕಸುಬೂ ಜನರ ಬಾಯಲ್ಲಿ ಆಗಲೇ ಕೂಡಿಕೊಂಡಿದ್ದವು. ವಿವರಣಾತ್ಮಕ ವಿಸ್ತರಣೆ, ಅಂದರೆ ಕಸುಬನ್ನೇ ಹೇಳುವ ವಿಸ್ತರಣೆ, ಹೊಂದುವುದು ಇಂಥ ಕಡೆಯೇ. ಚುಕ್ಕೆಯೊಂದನ್ನು ನಡುವೆ ಇಟ್ಟರೆ ಜನರು ಆಡುವ ಮಾತೇ ವಿಳಾಸವಾಗುತ್ತದೆ.

ಬಲಗಡೆ, ಇನ್ನು ಐದು ವರ್ಷದಲ್ಲಿ ನೀವು ಏನೇನು ಮಾರಬಹುದು ಎಂದು ಬರೆಯಿರಿ. ಇಲ್ಲಿ ಅತ್ತಿಗೆ ಪೆನ್ನು ತೆಗೆದುಕೊಂಡರು. ಸಿಲ್ವರ್ ಮರಗಳಿಗೆ ಹಬ್ಬಿದ ಕರಿಮೆಣಸು, ಸ್ವಲ್ಪ ಏಲಕ್ಕಿ, ಜೇನು, ಹಿಂದಿನ ಲೈನ್ ಮನೆಗಳನ್ನು ದುರಸ್ತಿ ಮಾಡಿದರೆ ಹೋಂಸ್ಟೇ. ಬಲಗಡೆಯ ಪಟ್ಟಿ ಎಡಗಡೆಗಿಂತ ಉದ್ದವಾಯಿತು. ಡಾಟ್ ಕಾಫಿ ಎಂಬ ವಿಳಾಸದಲ್ಲಿ ಕೊಠಡಿ ಕಾಯ್ದಿರಿಸುವವರಿಗೆ ತಾವು ಸರಿಯಾದ ಜಾಗಕ್ಕೆ ಬಂದಿದ್ದೇವೆಯೇ ಎಂಬ ಅನುಮಾನ ಬರುತ್ತದೆ.

ನನ್ನ ಅಭಿಪ್ರಾಯ ಹೀಗಿದೆ: ದಂತವೈದ್ಯರು, ಛಾಯಾಗ್ರಾಹಕರು, ಯೋಗ ಶಿಕ್ಷಕರು, ಮದುವೆ ಅಡುಗೆಯವರು ಕಸುಬನ್ನು ಬದಲಾಯಿಸುವುದು ಅಪರೂಪ, ಅವರು ಧೈರ್ಯವಾಗಿ ಕಸುಬಿನ ವಿಸ್ತರಣೆ ತೆಗೆದುಕೊಳ್ಳಬಹುದು. ತೋಟ, ಅಂಗಡಿ, ಮನೆತನದ ವ್ಯಾಪಾರಗಳು ಒಂದು ಸರಕಿನಿಂದ ಇನ್ನೊಂದಕ್ಕೆ ಕೈಚಾಚುತ್ತಲೇ ಬೆಳೆಯುತ್ತವೆ. ಅಂಥವರಿಗೆ ಮುಖ್ಯ ವಿಳಾಸ ಅಗಲವಾಗಿರಬೇಕು.

ವಿಸ್ತರಣೆಯ ಹಿಂದೆ ಯಾರಿದ್ದಾರೆ?

ಡೊಮೇನ್ ಹೆಸರು ಖರೀದಿಯಲ್ಲ, ಗುತ್ತಿಗೆ. ವರ್ಷ ವರ್ಷ ನವೀಕರಿಸಬೇಕು. ಒಂದು ಸಲಕ್ಕೆ ಗರಿಷ್ಠ 10 ವರ್ಷ. ಪ್ರತಿ ವಿಸ್ತರಣೆಗೂ ಒಬ್ಬ ಒಡೆಯನಿದ್ದಾನೆ. ಅವನನ್ನು ರಿಜಿಸ್ಟ್ರಿ ಎನ್ನುತ್ತಾರೆ. ನಮಗೆ ಹೆಸರು ಮಾರುವವನು ರಿಜಿಸ್ಟ್ರಾರ್, ಅಂದರೆ ನಡುವಿನ ಮಾರಾಟಗಾರ. ಜನರು ರಿಜಿಸ್ಟ್ರಾರ್‌ನ ಜಾಹೀರಾತು ನೋಡಿ ನಿರ್ಧರಿಸುತ್ತಾರೆ. ನೋಡಬೇಕಾದದ್ದು ರಿಜಿಸ್ಟ್ರಿಯನ್ನು, ಏಕೆಂದರೆ ನಿಯಮವನ್ನೂ ಮೂಲ ಬೆಲೆಯನ್ನೂ ಅದೇ ಇಡುತ್ತದೆ. ಡಾಟ್ ಕಾಮ್ ನಡೆಸುವುದು ವೆರಿಸೈನ್. ಡಾಟ್ ಕಾಫಿ ಐಡೆಂಟಿಟಿ ಡಿಜಿಟಲ್ ಎಂಬ ಅಮೆರಿಕದ ಕಂಪನಿಯ ಕೈಯಲ್ಲಿದೆ. ಇಂಥ ನೂರಾರು ವಿಸ್ತರಣೆಗಳು ಅದರ ಬಳಿ ಇವೆ. ಡಾಟ್ ಇನ್ ನಮ್ಮ ದೇಶದ ನಿಕ್ಸಿ ಸಂಸ್ಥೆಯದು. 2005ರಿಂದ ಅದನ್ನು ಯಾರು ಬೇಕಾದರೂ ಪಡೆಯಬಹುದು.

ಇನ್ನೊಂದು ಬಗೆಯ ವಿಸ್ತರಣೆಗಳ ಬಗ್ಗೆ ಎಚ್ಚರ ಬೇಕು. ನೋಡಲು ಅರ್ಥವುಳ್ಳ ಪದದಂತೆ ಕಾಣುತ್ತವೆ, ಆದರೆ ನಿಜದಲ್ಲಿ ಅವು ಬೇರೆ ಬೇರೆ ನಾಡುಗಳ ಸಂಕೇತಗಳು. ಡಾಟ್ ಟಿವಿ ಎಂದರೆ ಪೆಸಿಫಿಕ್ ಸಾಗರದ ತುವಾಲು. ಡಾಟ್ ಕೋ ಎಂದರೆ ಕೊಲಂಬಿಯಾ, ಡಾಟ್ ಮಿ ಎಂದರೆ ಮಾಂಟೆನಿಗ್ರೊ. ಈಗ ಎಲ್ಲರ ಬಾಯಲ್ಲಿರುವ ಡಾಟ್ ಎಐ ಕೆರಿಬಿಯನ್‌ನ ಆಂಗ್ವಿಲಾ ದ್ವೀಪದ್ದು. ಇವು ಆ ನಾಡುಗಳ ಕಾನೂನು, ರಾಜಕೀಯಕ್ಕೆ ಅಂಟಿಕೊಂಡಿರುತ್ತವೆ. 2010ರಲ್ಲಿ ಡಾಟ್ ಎಲ್‌ವೈ ವಿಸ್ತರಣೆಯಡಿ ನಡೆಯುತ್ತಿದ್ದ ಒಂದು ಲಿಂಕ್ ಸೇವೆಯ ಹೆಸರನ್ನು, ತನ್ನ ದೇಶದ ಕಾನೂನಿಗೆ ಹೊಂದುವುದಿಲ್ಲವೆಂದು ಲಿಬಿಯಾದ ರಿಜಿಸ್ಟ್ರಿ ವಾಪಸು ಪಡೆಯಿತು. ಬ್ರಿಟನ್ ಐರೋಪ್ಯ ಒಕ್ಕೂಟದಿಂದ ಹೊರಬಂದಾಗ, ಅಲ್ಲಿನ ಎಷ್ಟೋ ವ್ಯಾಪಾರಿಗಳು ವರ್ಷಗಟ್ಟಲೆ ಬಳಸಿದ್ದ ಡಾಟ್ ಇಯು ಹೆಸರುಗಳ ಮೇಲಿನ ಹಕ್ಕನ್ನೇ ಕಳೆದುಕೊಂಡರು. ನಿಮ್ಮ ವ್ಯಾಪಾರಕ್ಕೂ ಆ ದೇಶಕ್ಕೂ ಏನೂ ಸಂಬಂಧವಿಲ್ಲದಿದ್ದರೆ, ಪದ ಎಷ್ಟೇ ಚೆನ್ನಾಗಿದ್ದರೂ ಎರಡು ಸಲ ಯೋಚಿಸಿ.

ಕಾವಲಿರುವ ಬಾಗಿಲು, ಕಾವಲಿಲ್ಲದ ಬಾಗಿಲು

ವಿವರಣಾತ್ಮಕ ವಿಸ್ತರಣೆ ಕೊಡುವ ನಂಬಿಕೆ ಒಂದೇ ಬಗೆಯದಲ್ಲ. ಕೆಲವು ವಿಸ್ತರಣೆಗಳಿಗೆ ಕಾವಲುಗಾರನಿದ್ದಾನೆ. ರಿಸರ್ವ್ ಬ್ಯಾಂಕ್ 2025ರಲ್ಲಿ ನಮ್ಮ ಬ್ಯಾಂಕುಗಳೆಲ್ಲ ಅಕ್ಟೋಬರ್ 31ರೊಳಗೆ ಬ್ಯಾಂಕ್ ಡಾಟ್ ಇನ್ ವಿಳಾಸಕ್ಕೆ ಬದಲಾಗಬೇಕೆಂದು ಸೂಚಿಸಿತು. ಆ ಹೆಸರುಗಳನ್ನು ಹೈದರಾಬಾದಿನ ಐಡಿಆರ್‌ಬಿಟಿ ಸಂಸ್ಥೆ ಮಾತ್ರ ಕೊಡುತ್ತದೆ, ಬ್ಯಾಂಕುಗಳಿಗೆ ಮಾತ್ರ ಕೊಡುತ್ತದೆ. ಹಾಗಾಗಿ ವಿಳಾಸದ ಕೊನೆಯಲ್ಲಿ ಆ ಪದ ಕಂಡರೆ ನಕಲಿ ತಾಣದ ಭಯ ಕಡಿಮೆಯಾಗುತ್ತದೆ. ಡಾಟ್ ಜಿಒವಿ ಡಾಟ್ ಇನ್ ಎಂದರೆ ಸರ್ಕಾರಿ ತಾಣ ಎಂದು ನಾವು ನಂಬುವುದೂ ಇದೇ ಕಾರಣಕ್ಕೆ. ಔಷಧದಂಗಡಿಗಳಿಗೆ ಮೀಸಲಾದ ಡಾಟ್ ಫಾರ್ಮಸಿಯನ್ನೂ ಪರಿಶೀಲಿಸಿಯೇ ಕೊಡುತ್ತಾರೆ.

ಡಾಟ್ ಕಾಫಿಗೆ ಅಂಥ ಕಾವಲಿಲ್ಲ. ಒಂದು ಕಾಫಿ ಗಿಡವನ್ನೂ ನೋಡದವನು ನಾಳೆ ಅದನ್ನು ಪಡೆಯಬಹುದು. ಡಾಟ್ ಕ್ಲಿನಿಕ್, ಡಾಟ್ ಅಕಾಡೆಮಿ, ಡಾಟ್ ಶಾಪ್ ಎಲ್ಲವೂ ಹೀಗೆಯೇ. ಆದ್ದರಿಂದ ಇವುಗಳಿಂದ ನಿರೀಕ್ಷಿಸಬೇಕಾದದ್ದು ಗುರುತು ಮಾತ್ರ, ಪ್ರಮಾಣಪತ್ರವಲ್ಲ. ಈ ಮಾತು ಕೇಳಿ ಅಣ್ಣನ ಉತ್ಸಾಹ ಸ್ವಲ್ಪ ಇಳಿಯಿತು. ಡಾಟ್ ಕಾಫಿ ಇದ್ದರೆ ಕಾಫಿ ಮಂಡಳಿಯವರು ಮುದ್ರೆ ಹಾಕಿದಂತೆ ಎಂದು ಅವನು ಭಾವಿಸಿದ್ದ.

ನಿಮ್ಮ ಕಸುಬಿನ ವಿಸ್ತರಣೆಗೆ ಕಾವಲಿದೆಯೇ ಎಂದು ತಿಳಿಯಲು ಸುಲಭ ದಾರಿ ಒಂದಿದೆ: ಖರೀದಿಯ ಪುಟದಲ್ಲಿ ದಾಖಲೆ ಕೇಳುತ್ತಾರೆಯೇ ನೋಡಿ. ಕೇಳದೆ ನೇರ ಹಣ ಪಾವತಿಗೆ ಕರೆದೊಯ್ದರೆ ಬಾಗಿಲು ಎಲ್ಲರಿಗೂ ತೆರೆದಿದೆ ಎಂದರ್ಥ.

ಫೋನಿನಲ್ಲಿ ಹೇಳಿ ನೋಡಿ

ಇದಕ್ಕೆ ಒಂದು ಪೂರ್ತಿ ಸಂಜೆ ಕೊಡಿ. ನಮ್ಮಲ್ಲಿ ವಿಳಾಸವನ್ನು ಓದುವವರಿಗಿಂತ ಕೇಳಿ ಟೈಪ್ ಮಾಡುವವರು ಹೆಚ್ಚು. ಅತ್ತಿಗೆ ಹಳೆಯ ಗ್ರಾಹಕರಿಗೆ ಫೋನ್ ಮಾಡಿ, “ನಮ್ಮ ಜಾಲತಾಣ ಹಾಲುಗುಡ್ಡ ಡಾಟ್ ಕಾಫಿ, ಬರೆದುಕೊಳ್ಳಿ” ಎಂದು ಹೇಳಿ, ಬರೆದುಕೊಂಡದ್ದನ್ನು ಫೋಟೋ ತೆಗೆದು ಕಳುಹಿಸಲು ಕೇಳಿಕೊಂಡರು. ಮಲ್ಲೇಶ್ವರದ ಒಬ್ಬ ಹಿರಿಯರು, “ಡಾಟ್ ಕಾಫಿ, ಆಮೇಲೆ?” ಎಂದು ಕಾದರು. ಡಾಟ್ ಎಂದ ಮೇಲೆ ಕಾಮ್ ಬಾರದಿದ್ದರೆ ವಿಳಾಸ ಮುಗಿಯಿತು ಎಂದು ಅವರಿಗೆ ಅನಿಸಲೇ ಇಲ್ಲ. ಇನ್ನಿಬ್ಬರು ಚುಕ್ಕೆಯನ್ನು ಬಿಟ್ಟು ಕಾಫಿಯ ಮುಂದೆ ಡಾಟ್ ಕಾಮ್ ಸೇರಿಸಿದ್ದರು. ಡಾಟ್ ಇನ್ ಎಂದಾಗ ಯಾರೂ ತಡವರಿಸಲಿಲ್ಲ.

ಈ ಪರೀಕ್ಷೆಯಲ್ಲಿ ಕಾಗುಣಿತದ ತೊಡಕೂ ಹೊರಬರುತ್ತದೆ. ಕನ್ನಡದ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವಾಗ ಹಾಲು ಎಂಬಲ್ಲಿ ಒಂದು ‘ಎ’ ಹಾಕುವವರೂ ಇದ್ದಾರೆ, ಎರಡು ಹಾಕುವವರೂ ಇದ್ದಾರೆ. ಣ-ನ, ಳ-ಲ ಭೇದ ಅಲ್ಲಿ ಉಳಿಯುವುದಿಲ್ಲ. ಮಳೆ ಎಂದು ಬರೆದರೆ ಹೊರಗಿನವರು ಅದನ್ನು ಗಂಡು ಎಂಬರ್ಥದ ಇಂಗ್ಲಿಷ್ ಪದವಾಗಿ ಓದುತ್ತಾರೆ. ಊರಿನ ಹೆಸರು ಸೇರಿಸುವವರಿಗೆ ಇನ್ನೊಂದು ಕಷ್ಟ. 2014ರ ನವೆಂಬರ್ 1ರಂದು ರಾಜ್ಯದ 12 ಊರುಗಳ ಇಂಗ್ಲಿಷ್ ಹೆಸರುಗಳು ಅಧಿಕೃತವಾಗಿ ಬದಲಾದವು. ಮೈಸೂರು, ಬೆಂಗಳೂರು, ಚಿಕ್ಕಮಗಳೂರು ಎಲ್ಲಕ್ಕೂ ಈಗ ಹಳೆಯದೊಂದು, ಹೊಸದೊಂದು ಕಾಗುಣಿತವಿದೆ, ಜನರು ಎರಡನ್ನೂ ಬರೆಯುತ್ತಾರೆ. ಊರಿನ ಹೆಸರು ಬೇಕೇ ಬೇಕೆಂದಾದರೆ ಎರಡೂ ರೂಪಗಳನ್ನು ಪಡೆದು, ಒಂದನ್ನು ಟೈಪ್ ಮಾಡಿದರೂ ಇನ್ನೊಂದೇ ತೆರೆಯುವಂತೆ ತಿರುಗಿಸಿ.

ವಿಸ್ತರಣೆಯ ಕಾಗುಣಿತವನ್ನೂ ಮರೆಯಬೇಡಿ. ಇಂಗ್ಲಿಷಿನ ಕಾಫಿಯಲ್ಲಿ ಎರಡು ‘ಎಫ್’, ಎರಡು ‘ಇ’ ಇವೆ. ಒಡವೆಗಳ ಡಾಟ್ ಜ್ಯುವೆಲ್ರಿ ಇರುವುದು ಅಮೆರಿಕದ ಕಾಗುಣಿತದಲ್ಲಿ. ನಮ್ಮ ಚಿನ್ನದಂಗಡಿಗಳ ಫಲಕಗಳಲ್ಲಿರುವ ಬ್ರಿಟಿಷ್ ಕಾಗುಣಿತ ಬೇರೆ. ಅವೆನ್ಯೂ ರಸ್ತೆಯ ಗಿರಾಕಿ ಫಲಕ ನೋಡಿ ಟೈಪ್ ಮಾಡಿದರೆ ನಿಮ್ಮ ಅಂಗಡಿ ಸಿಗುವುದಿಲ್ಲ. ಡಾಟ್ ಫೋಟೋ, ಡಾಟ್ ಫೋಟೋಸ್, ಡಾಟ್ ಫೋಟೋಗ್ರಫಿ ಮೂರೂ ಬೇರೆ ಬೇರೆ ವಿಸ್ತರಣೆಗಳು. ನೀವು ಒಂದನ್ನು ತೆಗೆದುಕೊಂಡರೆ ಉಳಿದೆರಡನ್ನು ಪಕ್ಕದ ಬೀದಿಯವರು ಪಡೆಯಬಹುದು.

ಹತ್ತು ವರ್ಷದ ಲೆಕ್ಕ

ನನಗೆ ಗೊತ್ತಿರುವ ಒಬ್ಬ ಛಾಯಾಗ್ರಾಹಕರು ನೂರೈವತ್ತು ರೂಪಾಯಿಗೆ ಹೆಸರು ಸಿಕ್ಕಿತೆಂದು ಖುಷಿಪಟ್ಟು ಫಲಕ, ಕಾರ್ಡು, ಆಲ್ಬಮ್ಮಿನ ಹಿಂಬದಿ ಎಲ್ಲೆಡೆ ಅಚ್ಚು ಹಾಕಿಸಿದರು. ಮರುವರ್ಷದ ಬಿಲ್ ಮೂರು ಸಾವಿರ ದಾಟಿತ್ತು. ಅಷ್ಟೆಲ್ಲ ಅಚ್ಚು ಹಾಕಿಸಿದ ಮೇಲೆ ಬಿಡುವಂತಿರಲಿಲ್ಲ, ಕಟ್ಟಿದರು.

ಮೊದಲ ವರ್ಷದ ಬೆಲೆಯನ್ನು ನೋಡಲೇಬೇಡಿ ಎನ್ನುತ್ತೇನೆ. ರಿಜಿಸ್ಟ್ರಾರ್ ತಾಣದಲ್ಲಿ ನವೀಕರಣದ ಬೆಲೆ ಎಲ್ಲೋ ಒಂದು ಕಡೆ ಸಣ್ಣ ಅಕ್ಷರದಲ್ಲಿ ಇದ್ದೇ ಇರುತ್ತದೆ, ಅದನ್ನು ಹುಡುಕಿ. ಅದನ್ನು ಒಂಬತ್ತರಿಂದ ಗುಣಿಸಿ, ಮೊದಲ ವರ್ಷದ್ದನ್ನು ಕೂಡಿಸಿ, ಶೇ 18ರ ಜಿಎಸ್‌ಟಿ ಸೇರಿಸಿ. ಮೂರು ನಾಲ್ಕು ವಿಸ್ತರಣೆಗಳಿಗೆ ಈ ಲೆಕ್ಕ ಮಾಡಿ ಪಕ್ಕಪಕ್ಕ ಇಟ್ಟರೆ ಅರ್ಧ ತೀರ್ಮಾನ ಅಲ್ಲೇ ಆಗುತ್ತದೆ. ಕಸುಬಿನ ವಿಸ್ತರಣೆಗಳು ಡಾಟ್ ಇನ್‌ಗಿಂತ ಸಾಮಾನ್ಯವಾಗಿ ಹಲವು ಪಟ್ಟು ದುಬಾರಿ.

ಆ ಬೆಲೆಯೂ ಸ್ಥಿರವಲ್ಲ. ಡಾಟ್ ಕಾಮ್‌ನ ಸಗಟು ಬೆಲೆ ಏರಿಸಲು ಒಪ್ಪಂದದಲ್ಲೇ ಮಿತಿಯಿದೆ. 2012ರ ನಂತರದ ಹೊಸ ವಿಸ್ತರಣೆಗಳಿಗೆ ಅಂಥ ಮಿತಿಯಿಲ್ಲ. ನವೀಕರಣದ ಬೆಲೆ ಏರಿಸುವ ರಿಜಿಸ್ಟ್ರಿಯು ರಿಜಿಸ್ಟ್ರಾರ್‌ಗಳಿಗೆ 180 ದಿನ ಮೊದಲು ತಿಳಿಸಬೇಕು, ಅಷ್ಟೇ. 2017ರಲ್ಲಿ ಯೂನಿರಿಜಿಸ್ಟ್ರಿ ಎಂಬ ಕಂಪನಿ ತನ್ನ ಹಲವು ವಿಸ್ತರಣೆಗಳ ಬೆಲೆಯನ್ನು ಒಮ್ಮೆಲೇ ಹಲವು ಪಟ್ಟು ಏರಿಸುವುದಾಗಿ ಪ್ರಕಟಿಸಿದಾಗ, ಅವುಗಳ ಮೇಲೆ ವ್ಯಾಪಾರ ಕಟ್ಟಿದವರು ಕಂಗಾಲಾಗಿದ್ದರು. ಬೆಲೆ ಏರುವ ಸುದ್ದಿ ಬಂದರೆ, ಹೊಸ ದರ ಜಾರಿಯಾಗುವ ಮೊದಲೇ ಹಳೆಯ ದರದಲ್ಲಿ ಸಾಧ್ಯವಾದಷ್ಟು ವರ್ಷಕ್ಕೆ ನವೀಕರಿಸಿಕೊಳ್ಳಿ. ಕೈಯಲ್ಲಿರುವ ದಾರಿ ಅದೊಂದೇ.

ಹುಡುಕಿದ ಹೆಸರಿನ ಪಕ್ಕದಲ್ಲಿ ‘ಪ್ರೀಮಿಯಂ’ ಎಂದು ಬರೆದಿದ್ದರೆ ಇನ್ನಷ್ಟು ನಿಧಾನಿಸಿ. ಚಿಕ್ಕ, ಚಂದದ ಪದಗಳನ್ನು ರಿಜಿಸ್ಟ್ರಿಗಳೇ ಬೇರೆಯಾಗಿ ಎತ್ತಿಟ್ಟು ಹೆಚ್ಚು ಬೆಲೆಗೆ ಮಾರುತ್ತವೆ. ಎಷ್ಟೋ ಸಲ ಆ ಹೆಚ್ಚಿನ ಬೆಲೆ ಪ್ರತಿ ವರ್ಷವೂ ಇರುತ್ತದೆ. ಒಮ್ಮೆ ಮಾತ್ರವೇ, ವರ್ಷವರ್ಷವೇ ಎಂದು ಬರಹದಲ್ಲಿ ಕೇಳಿ ಉತ್ತರ ಪಡೆಯಿರಿ.

ಹುಡುಕಾಟ, ಇಮೇಲ್

“ಡಾಟ್ ಕಾಫಿ ಇದ್ದರೆ ಗೂಗಲ್‌ನಲ್ಲಿ ಮೇಲೆ ಬರುತ್ತೇವಂತೆ” ಎಂಬ ಮಾತನ್ನು ನಾನು ಪ್ರತಿ ತಿಂಗಳೂ ಕೇಳುತ್ತೇನೆ. ಹಾಗೇನೂ ಇಲ್ಲ. ವಿಸ್ತರಣೆಯಲ್ಲಿರುವ ಪದಕ್ಕೆ ಹುಡುಕಾಟದಲ್ಲಿ ಲಾಭವೂ ಇಲ್ಲ, ನಷ್ಟವೂ ಇಲ್ಲ ಎಂದು ಗೂಗಲ್ 2015ರಲ್ಲೇ ಸ್ಪಷ್ಟಪಡಿಸಿದೆ. ಡಾಟ್ ಇನ್‌ನಂಥ ದೇಶದ ಸಂಕೇತವನ್ನು ಮಾತ್ರ ಆ ದೇಶದ ಓದುಗರಿಗಾಗಿ ಮಾಡಿದ ತಾಣದ ಗುರುತಾಗಿ ತೆಗೆದುಕೊಳ್ಳುತ್ತದೆ. ಗಿರಾಕಿಗಳೆಲ್ಲ ಭಾರತದಲ್ಲಿದ್ದರೆ ಇದು ಅನುಕೂಲವೇ. ದುಬೈಯ, ಅಮೆರಿಕದ ಕನ್ನಡಿಗರಿಗೆ ಪುಡಿ ಕಳುಹಿಸುವುದೇ ಮುಖ್ಯ ವ್ಯಾಪಾರವಾದರೆ ಡಾಟ್ ಕಾಮ್ ಅಥವಾ ಕಸುಬಿನ ವಿಸ್ತರಣೆಯತ್ತ ಸ್ವಲ್ಪ ವಾಲಬಹುದು.

ಇಮೇಲ್‌ನ ವಿಷಯ ಹೆಚ್ಚು ಗಂಭೀರ. ಹಳೆಯ ಅರ್ಜಿ ನಮೂನೆಗಳನ್ನು ಬರೆದ ಕಾಲದಲ್ಲಿ ವಿಸ್ತರಣೆಗಳು ಎರಡು ಮೂರು ಅಕ್ಷರದವು. ಅಂಥ ನಮೂನೆಗಳು ಉದ್ದದ ವಿಸ್ತರಣೆಯನ್ನು ಇಂದಿಗೂ ‘ತಪ್ಪು ಇಮೇಲ್’ ಎಂದು ತಿರಸ್ಕರಿಸುವುದುಂಟು. ಅಗ್ಗವಾಗಿ ಸಿಗುವ ಕೆಲವು ವಿಸ್ತರಣೆಗಳನ್ನು ವಂಚಕರು ರಾಶಿಗಟ್ಟಲೆ ಬಳಸಿರುವುದರಿಂದ, ಅವುಗಳಿಂದ ಬಂದ ಪತ್ರ ನೇರ ಸ್ಪ್ಯಾಮ್ ಪೆಟ್ಟಿಗೆಗೆ ಬೀಳುತ್ತದೆ. ಮೊದಲ ವರ್ಷ ತೀರಾ ಕಡಿಮೆ ಬೆಲೆಗೆ ಸಿಗುವ ವಿಸ್ತರಣೆಯನ್ನು ವ್ಯಾಪಾರದ ಇಮೇಲ್‌ಗೆ ಬಳಸಬೇಡಿ ಎಂಬುದು ನನ್ನ ಖಚಿತ ಸಲಹೆ. ಕೊರಿಯರ್ ಕಂಪನಿಯ, ಬ್ಯಾಂಕಿನ, ಜಿಎಸ್‌ಟಿಯ ನೋಂದಣಿಗೆ ಡಾಟ್ ಇನ್ ಅಥವಾ ಡಾಟ್ ಕಾಮ್ ಇಮೇಲ್ ಇದ್ದರೆ ಎಷ್ಟೋ ಸಣ್ಣ ತಲೆನೋವು ತಪ್ಪುತ್ತದೆ.

ಹೆಸರು ಬೇರೆಯವರದ್ದಲ್ಲವೇ?

ವಿಳಾಸ ಖಾಲಿಯಿದೆ ಎಂದ ಮಾತ್ರಕ್ಕೆ ಹೆಸರು ನಿಮ್ಮದಾಗುವುದಿಲ್ಲ. ಈ ವಿಷಯದಲ್ಲಿ ದೇಶದ ಕಾನೂನಿಗೆ ದಾರಿ ಹಾಕಿದ ಮೊಕದ್ದಮೆ ಶುರುವಾದದ್ದು ಬೆಂಗಳೂರಿನ ಸಿಟಿ ಸಿವಿಲ್ ನ್ಯಾಯಾಲಯದಲ್ಲಿ. ಸಿಫಿ ಎಂಬ ಹೆಸರಿನಲ್ಲಿ ವ್ಯವಹರಿಸುತ್ತಿದ್ದ ಸತ್ಯಂ ಇನ್ಫೋವೇ, ಸಿಫಿನೆಟ್ ಸೊಲ್ಯೂಷನ್ಸ್ ಎಂಬ ಕಂಪನಿ ತನ್ನ ಹೆಸರನ್ನೇ ಹೋಲುವ ಡೊಮೇನ್ ಬಳಸುತ್ತಿದೆ ಎಂದು ದೂರಿತು. ಕೆಳ ನ್ಯಾಯಾಲಯ ತಡೆಯಾಜ್ಞೆ ಕೊಟ್ಟಿತು, ಹೈಕೋರ್ಟ್ ಅದನ್ನು ತೆರವುಗೊಳಿಸಿತು. 2004ರಲ್ಲಿ ಸುಪ್ರೀಂ ಕೋರ್ಟ್ ಡೊಮೇನ್ ಹೆಸರಿಗೂ ವ್ಯಾಪಾರ ಚಿಹ್ನೆಯಂತೆಯೇ ರಕ್ಷಣೆ ಇದೆ ಎಂದು ಹೇಳಿ ತಡೆಯಾಜ್ಞೆಯನ್ನು ಮತ್ತೆ ಎತ್ತಿಹಿಡಿಯಿತು. ವಿಸ್ತರಣೆ ಬೇರೆಯಿದೆ ಎಂಬುದು ಇಂಥ ವಿವಾದದಲ್ಲಿ ನಿಮ್ಮನ್ನು ಕಾಪಾಡುವುದಿಲ್ಲ. ಬೇರೊಬ್ಬರ ಹೆಸರಿನ ಮುಂದೆ ಡಾಟ್ ಕಾಫಿ ಹಾಕಿದರೂ ಅದು ಅವರ ಹೆಸರೇ.

ಭಾರತದ ವ್ಯಾಪಾರ ಚಿಹ್ನೆಗಳ ಸರ್ಕಾರಿ ತಾಣದಲ್ಲಿ ಉಚಿತವಾಗಿ ಹುಡುಕಬಹುದು. ಕಾಫಿ, ಚಹಾ, ಸಾಂಬಾರ ಪದಾರ್ಥ, ಜೇನು 30ನೇ ವರ್ಗದಲ್ಲಿ ಬರುತ್ತವೆ. ವಸತಿ, ಹೋಟೆಲು 43ರಲ್ಲಿ. ಭೌಗೋಳಿಕ ಗುರುತು ಪಡೆದ ಹೆಸರುಗಳ ಬಗ್ಗೆಯೂ ಎಚ್ಚರವಿರಲಿ. ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾ, ಕೊಡಗು ಅರೇಬಿಕಾಗಳಿಗೆ 2019ರಲ್ಲಿ ಆ ಗುರುತು ಸಿಕ್ಕಿದೆ. ಬೇರೆ ಕಡೆ ಬೆಳೆದ ಬೀಜಕ್ಕೆ ಅಂಥ ಹೆಸರಿನ ವಿಳಾಸ ಮಾಡಿಕೊಳ್ಳುವುದು ಕಾನೂನಿನ ತೊಂದರೆಯನ್ನು ಮನೆಗೆ ಕರೆದಂತೆ.

ಕನ್ನಡದ ಬಾಗಿಲು

ಇದನ್ನು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ನಿಕ್ಸಿ ಸಂಸ್ಥೆಯ ‘ಡಾಟ್ ಭಾರತ’ ವಿಸ್ತರಣೆ ಕನ್ನಡ ಲಿಪಿಯಲ್ಲೂ ಇದೆ. ‘ಹಾಲುಗುಡ್ಡ.ಭಾರತ’ ಎಂದು ಪೂರ್ತಿ ಕನ್ನಡದಲ್ಲೇ ವಿಳಾಸ ಬರೆಯಬಹುದು. ಮೇಲೆ ಹೇಳಿದ ಒಂದು ‘ಎ’, ಎರಡು ‘ಎ’ಗಳ ಜಗಳವೆಲ್ಲ ಇಲ್ಲಿ ಇಲ್ಲವಾಗುತ್ತದೆ. ಹಾಲುಗುಡ್ಡವನ್ನು ಕನ್ನಡದಲ್ಲಿ ಬರೆಯುವುದು ಒಂದೇ ರೀತಿ. ಅತ್ತಿಗೆಯ ತಾಯಿ ತಮ್ಮ ಫೋನಿನಲ್ಲಿ ಯಾರ ಸಹಾಯವೂ ಇಲ್ಲದೆ ಟೈಪ್ ಮಾಡಿದ್ದು ಈ ವಿಳಾಸವನ್ನು ಮಾತ್ರ.

ತೊಡಕುಗಳೂ ಇವೆ. ಯಂತ್ರಗಳು ಒಳಗೆ ಇದನ್ನು ಎಕ್ಸ್, ಎನ್, ಎರಡು ಅಡ್ಡಗೆರೆಯಿಂದ ಶುರುವಾಗುವ ಇಂಗ್ಲಿಷ್ ಅಕ್ಷರಗಳ ಸಂಕೇತವಾಗಿ ಬದಲಾಯಿಸಿಕೊಳ್ಳುತ್ತವೆ. ಕೆಲವು ಆ್ಯಪ್‌ಗಳು ಕನ್ನಡದ ಬದಲು ಆ ಸಂಕೇತವನ್ನೇ ತೋರಿಸುತ್ತವೆ, ನೋಡಿದವರಿಗೆ ವಂಚನೆಯ ಲಿಂಕ್‌ನಂತೆ ಕಾಣುತ್ತದೆ. ಕನ್ನಡದ ಇಮೇಲ್ ವಿಳಾಸವನ್ನು ಒಪ್ಪುವ ತಾಣಗಳು ಇನ್ನೂ ಕಡಿಮೆ. ಹಾಗಾಗಿ ಇದನ್ನು ಎರಡನೆಯ ಬಾಗಿಲಾಗಿ ಇಡಿ: ಹೆಸರು ಪಡೆದು ಮುಖ್ಯ ವಿಳಾಸಕ್ಕೆ ತಿರುಗಿಸಿ, ಪೊಟ್ಟಣದ ಮೇಲೆ ದೊಡ್ಡದಾಗಿ ಕನ್ನಡದಲ್ಲಿ ಅಚ್ಚು ಹಾಕಿಸಿ, ಪಕ್ಕದಲ್ಲಿ ಕ್ಯೂಆರ್ ಕೋಡ್ ಇರಲಿ. ಬಳಸುವವರು ಹೆಚ್ಚಿದಂತೆ ತೊಡಕನ್ನು ಸರಿಪಡಿಸುವ ಒತ್ತಡವೂ ಹೆಚ್ಚುತ್ತದೆ. ನಮ್ಮ ಅಂಗಡಿ ಫಲಕಗಳಲ್ಲಿ ಕನ್ನಡ ಇರಬೇಕೆಂದು ಕೇಳುವ ನಾವು ವಿಳಾಸದಲ್ಲೂ ಅದನ್ನು ಇಡಬೇಕು.

ಪಹಣಿಯಲ್ಲಿ ಯಾರ ಹೆಸರಿದೆ?

ಈಗ ಖರೀದಿ. ತಪ್ಪುಗಳಲ್ಲಿ ಅತಿ ದುಬಾರಿಯಾದದ್ದು ನಡೆಯುವುದು ಇಲ್ಲೇ. ಮಲೆನಾಡಿನ ಒಂದು ಹೋಂಸ್ಟೇಯವರು ಪರಿಚಯದ ಹುಡುಗನಿಗೆ ಹಣ ಕೊಟ್ಟು ಎಲ್ಲವನ್ನೂ ಮಾಡಿಸಿಕೊಂಡಿದ್ದರು. ಹುಡುಗ ತನ್ನ ಖಾತೆಯಲ್ಲಿ, ತನ್ನ ಹೆಸರಿನಲ್ಲಿ, ತನ್ನ ಇಮೇಲ್ ಕೊಟ್ಟು ಡೊಮೇನ್ ಪಡೆದಿದ್ದ. ಅವನಲ್ಲಿ ಕೆಟ್ಟ ಉದ್ದೇಶ ಇರಲಿಲ್ಲ. ಅವನಿಗೆ ಅದು ಸುಲಭವಾಗಿತ್ತು. ಮೂರು ವರ್ಷದ ನಂತರ ಕೆಲಸಕ್ಕೆಂದು ವಿದೇಶಕ್ಕೆ ಹೋದ, ಹಳೆಯ ಇಮೇಲ್ ನೋಡುವುದನ್ನು ಬಿಟ್ಟ. ಅವಧಿ ಮುಗಿದದ್ದು ಮನೆಯವರಿಗೆ ತಿಳಿದದ್ದು ಜಾಲತಾಣ ತೆರೆಯದಿದ್ದಾಗ. ಅಷ್ಟು ಹೊತ್ತಿಗೆ ಹೆಸರು ಬೇರೊಬ್ಬರ ಪಾಲಾಗಿತ್ತು. ಹೆದ್ದಾರಿಯ ಬದಿಯ ಫಲಕಗಳನ್ನೆಲ್ಲ ಮತ್ತೆ ಬರೆಸಿದರು.

ಜಮೀನು ಕೊಳ್ಳುವವರು ಪಹಣಿಯಲ್ಲಿ ಯಾರ ಹೆಸರಿದೆ ಎಂದು ನೋಡದೆ ಹಣ ಕೊಡುವುದಿಲ್ಲ. ಡೊಮೇನ್‌ಗೂ ಅಂಥದೇ ದಾಖಲೆ ಇದೆ. ಖಾತೆಯನ್ನು ನೀವೇ, ನಿಮ್ಮ ಹೆಸರಿನಲ್ಲಿ, ನಿಮ್ಮ ಮೊಬೈಲ್ ನಂಬರ್ ಕೊಟ್ಟು ತೆರೆಯಿರಿ. ಜಾಲತಾಣ ಮಾಡುವವರು, ನನ್ನಂಥವರು ಯಾರೇ ಆಗಲಿ, ಪಕ್ಕದಲ್ಲಿ ಕುಳಿತು ಹೇಳಿಕೊಡಬಹುದು, ಅಷ್ಟೇ. ಅದೇ ಡೊಮೇನ್‌ನ ಇಮೇಲ್ ಅನ್ನು ಆ ಖಾತೆಗೆ ಕೊಡಬೇಡಿ: ಅವಧಿ ಮುಗಿದ ದಿನ ಆ ಇಮೇಲೂ ನಿಲ್ಲುತ್ತದೆ, ಎಚ್ಚರಿಕೆಯ ಪತ್ರ ಬಂದು ಸೇರುವ ಜಾಗವೇ ಇರುವುದಿಲ್ಲ. ಎರಡು ಹಂತದ ಭದ್ರತೆ, ತಾನಾಗಿ ನವೀಕರಣ, ಹೆಸರನ್ನು ಬೇರೆಯವರು ಸಾಗಿಸದಂತೆ ತಡೆಯುವ ವರ್ಗಾವಣೆಯ ಬೀಗ, ಈ ಮೂರನ್ನೂ ಆವತ್ತೇ ಚಾಲೂ ಮಾಡಿ. ಸಾಧ್ಯವಾದರೆ ಮೂರೋ ಐದೋ ವರ್ಷಕ್ಕೆ ಒಟ್ಟಿಗೆ ಕಟ್ಟಿ. ಡಾಟ್ ಕಾಮ್‌ನಂಥ ವಿಸ್ತರಣೆಗಳಲ್ಲಿ ಅಳಿಸಿದ ಹೆಸರನ್ನು ಮರಳಿ ಪಡೆಯಲು 30 ದಿನದ ಕೊನೆಯ ಅವಕಾಶವೊಂದಿದೆ. ಆದರೆ ಅದರ ಶುಲ್ಕ ನವೀಕರಣಕ್ಕಿಂತ ಬಹಳ ಹೆಚ್ಚು.

ಬೇರೆಯವರ ಕೈಯಲ್ಲಿ ಈಗಾಗಲೇ ನಿಮ್ಮ ಹೆಸರು ಸಿಕ್ಕಿಕೊಂಡಿದ್ದರೆ, ಸಂಬಂಧ ಚೆನ್ನಾಗಿರುವಾಗಲೇ, ಹೆಸರನ್ನು ನಿಮ್ಮ ಖಾತೆಗೆ ತರಲು ಬೇಕಾದ ವರ್ಗಾವಣೆಯ ಸಂಕೇತ ಕೇಳಿ ಪಡೆಯಿರಿ. ಹೊಸದಾಗಿ ನೋಂದಾಯಿಸಿದ ಹೆಸರನ್ನು ಸಾಮಾನ್ಯವಾಗಿ 60 ದಿನ ವರ್ಗಾಯಿಸಲು ಬರುವುದಿಲ್ಲ ಎಂಬುದು ನೆನಪಿರಲಿ.

ನಾಲ್ಕನೆಯ ಸಂಜೆ ಅಣ್ಣ ಮೂರು ಹೆಸರು ಪಡೆದ. ಹಾಲುಗುಡ್ಡ ಡಾಟ್ ಇನ್ ಮುಖ್ಯ ವಿಳಾಸ. ಇಮೇಲ್ ಕೂಡ ಅದರದ್ದೇ. ಕನ್ನಡದ ಡಾಟ್ ಭಾರತ ಅದಕ್ಕೆ ತಿರುಗುತ್ತದೆ. ಡಾಟ್ ಕಾಫಿಯನ್ನೂ ಬಿಡಲಿಲ್ಲ. ಅದು ನೇರ ಪುಡಿಯ ಪುಟಕ್ಕೆ ಕರೆದೊಯ್ಯುತ್ತದೆ, ಕಾಲು ಕಿಲೋ ಪೊಟ್ಟಣದ ಮೇಲೆ ಮಾತ್ರ ಅಚ್ಚಾಗಿದೆ. ಪೊಟ್ಟಣ ಕೈಯಲ್ಲಿರುವವರು ವಿಳಾಸವನ್ನು ಕೇಳುವುದಿಲ್ಲ, ಕಣ್ಣಾರೆ ಓದುತ್ತಾರೆ. ಅಲ್ಲಿ ಅದು ಗೊಂದಲ ಮಾಡುವುದಿಲ್ಲ. ಡಾಟ್ ಕಾಮ್ ಮೊದಲೇ ಯಾರದೋ ಕೈಯಲ್ಲಿತ್ತು, ಅದರ ಬೆನ್ನು ಹತ್ತಲಿಲ್ಲ. ಮೂರರ ನವೀಕರಣದ ದಿನಗಳನ್ನು ಅತ್ತಿಗೆ ತೋಟದ ಲೆಕ್ಕದ ಪುಸ್ತಕದ ಮೊದಲ ಪುಟದಲ್ಲಿ, ಕರೆಂಟ್ ಬಿಲ್ಲಿನ ಆರ್‌ಆರ್ ನಂಬರಿನ ಕೆಳಗೆ ಬರೆದಿಟ್ಟಿದ್ದಾರೆ.